ಮಾತಿಗೆ ಮೊದಲು ದಾರಿ

ಇಂಟರ್ನೆಟ್ಟಿನಲ್ಲಿ ಮಾತಾಡುವುದು ಇತ್ತೀಚಿನದೆಂದು ನಾನೂ ತಿಳಿದಿದ್ದೆ. ಆದರೆ ಅಮೆರಿಕದ ಅರ್ಪಾನೆಟ್‌ನಲ್ಲಿ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು 1974ರಲ್ಲೇ ಮಾತನ್ನು ತುಣುಕು ತುಣುಕಾಗಿ ಕಳಿಸಿ ನೋಡಿದ್ದರು. ತೊಡಕು ಆಗಲೇ ಗೊತ್ತಾಯಿತು. ಫೈಲಿನ ತುಣುಕು ಕಳೆದರೆ ಮತ್ತೆ ತರಿಸಬಹುದು. ಮಾತಿನ ತುಣುಕು ತಡವಾಗಿ ಬಂದರೆ, ಧಾರೆ ಮುಗಿದ ಮೇಲೆ ಬಂದ ಓಲಗದವರ ಹಾಗೆ! ಮಾತಿಗೆ ಮರುಕಳಿಕೆಯ ಕಟ್ಟುಪಾಡು ಬೇಡವೆಂದು ಕೋಹೆನ್ ವಾದಿಸಿದರು. 1978ರಲ್ಲಿ ಟಿಸಿಪಿಯಿಂದ ಐಪಿ ಬೇರೆಯಾಯಿತು. 1981ರ ಐಪಿ ನಿಯಮದಲ್ಲಿ ಪ್ರತಿ ತುಣುಕಿನ ತಲೆಯ ಮೇಲೆ ಆದ್ಯತೆ ಬರೆಯಲು 3 ಬಿಟ್ ಜಾಗ ಇಟ್ಟರು. 1998ರಲ್ಲಿ ಅದನ್ನು 6 ಬಿಟ್ಟಿನ ಗುರುತಾಗಿ ಬದಲಿಸಿದರು. ಮಾತಿಗೆ ಸಾಮಾನ್ಯವಾಗಿ ಹಾಕುವುದು 46. ಹಾಗೆ ಹೊಂದಿಸಿದ ರೂಟರ್ ಫೈಲುಗಳನ್ನು ತಡೆದು ಮಾತನ್ನು ಮೊದಲು ಬಿಡುತ್ತದೆ. ಒಬ್ಬರು ಹಾಕಿದ ಗುರುತನ್ನು ಇನ್ನೊಬ್ಬರ ಜಾಲ ಮನ್ನಿಸಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ.