ಮೂರು ಪೌಂಡಿನ ಬಿಡುಗಡೆ

ಹತ್ತು ಸಾವಿರ ತಲಾಂತುಗಳ ಸಾಲವನ್ನು ಒಡೆಯನಿಂದ ಮನ್ನಾ ಮಾಡಿಸಿಕೊಂಡು ಹೊರಬಂದ ಸೇವಕನೊಬ್ಬನು, ತನಗೆ ಬರಿಯ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದು ಅವನನ್ನು ಸೆರೆಗೆ ಹಾಕಿಸಿದ ಕಥೆ ಮತ್ತಾಯನ ಸುವಾರ್ತೆಯಲ್ಲಿ ಬರುತ್ತದೆ. ಆ ಸೇವಕನು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಹುಟ್ಟಿದ್ದಿದ್ದರೆ ಅವನ ನಡತೆ ಕಾನೂನಿಗೆ ಸರ್ವಥಾ ಸಮ್ಮತವಾಗಿರುತ್ತಿತ್ತು. ಸಾಲ ತೀರಿಸಲಾರದವನನ್ನು ಸಾಹುಕಾರನು ಬಂದೀಖಾನೆಗೆ ಕಳುಹಿಸಬಹುದಾಗಿತ್ತು. ಒಳಗೆ ಹೋದವನಿಗೆ ದುಡಿಮೆಯ ದಾರಿ ಮುಚ್ಚುತ್ತಿತ್ತು. ಸಾಲದ ಮೇಲೆ ಸೆರೆಮನೆಯ ಅಧಿಕಾರಿಗೆ ತೆರಬೇಕಾದ ಶುಲ್ಕವೂ ಬೆಳೆಯುತ್ತಿತ್ತು. ಫ್ಲೀಟ್ ಬಂದೀಖಾನೆಯ ಬೀದಿಯ ಕಡೆಯ ಕಬ್ಬಿಣದ ಜಾಲಂದರದ ಹಿಂದೆ ಸಾಲಗಾರನೊಬ್ಬನು ನಿಂತು, ಹೋಗಿಬರುವವರಲ್ಲಿ ಎಲ್ಲರ ಪರವಾಗಿ ಕಾಸು ಬೇಡುತ್ತಿದ್ದನು. ಸೆರೆಮನೆಗಳ ಸುಧಾರಕ ಜಾನ್ ಹವರ್ಡನು 1776ರಲ್ಲಿ ಲೆಕ್ಕವಿಟ್ಟಾಗ ಇಂಗ್ಲೆಂಡ್ ಮತ್ತು ವೇಲ್ಸಿನ ಸೆರೆಮನೆಗಳಲ್ಲಿದ್ದ 4,084 ಮಂದಿಯಲ್ಲಿ 2,437 ಮಂದಿ ಸಾಲಗಾರರೇ ಆಗಿದ್ದರು.

ಈ ಸ್ಥಿತಿಯನ್ನು ಕಂಡು ಮರುಗಿದವರಲ್ಲಿ ವಿಲಿಯಂ ಡಾಡ್ ಎಂಬ ಪಾದ್ರಿಯೊಬ್ಬನು. ವಾಗ್ಮಿ, ರೇಷ್ಮೆಯ ಉಡುಪು, ಭಾರಿ ಔತಣಗಳ ಶೋಕಿಗಾರ, ರಾಜನ ಧರ್ಮಗುರುಗಳ ಪಟ್ಟಿಯಲ್ಲಿ ಹೆಸರು ಪಡೆದಿದ್ದವನು. 1772ರಲ್ಲಿ ಅವನು ಮಾಡಿದ ಪ್ರಸಂಗದಿಂದ ಉದಾರಿಗಳ ಕೈ ಸಡಿಲಗೊಂಡು, ಜೇಮ್ಸ್ ನೀಲ್ಡ್ ಎಂಬ ಆಭರಣ ವ್ಯಾಪಾರಿಯೇ ಮೊದಲಾದವರ ಶ್ರಮದಿಂದ, ಅಲ್ಪ ಸಾಲಕ್ಕಾಗಿ ಸೆರೆಬಿದ್ದವರನ್ನು ಬಿಡಿಸುವ ಸಂಘವೊಂದು ಹುಟ್ಟಿಕೊಂಡಿತು. ಮೊದಲ ಹದಿನೈದು ತಿಂಗಳುಗಳಲ್ಲಿ ಸಾವಿರಕ್ಕೆ ತುಸು ಕಡಮೆ ಮಂದಿಯನ್ನು ಬಿಡಿಸಲು ತಗಲಿದ್ದು ಮೂರು ಸಾವಿರ ಪೌಂಡಿಗೂ ಕಡಮೆ. ಎಂದರೆ ಒಬ್ಬೊಬ್ಬನ ಸ್ವಾತಂತ್ರ್ಯದ ಬೆಲೆ ಸುಮಾರು ಮೂರು ಪೌಂಡು. ಸ್ವಲ್ಪ ಹಣಕ್ಕೆ ಸಾಹುಕಾರನೊಡನೆ ರಾಜಿ ಮಾಡಿಕೊಳ್ಳುವುದೇ ಸಂಘದ ಕ್ರಮ. ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ, ಆದರೆ ಕ್ಷಮಿಸಬೇಕಾಗಿದ್ದವನು ಕ್ಷಮಿಸಲಿಲ್ಲ, ಸಾಲಗಾರನ ಪರವಾಗಿ ಅನ್ಯರು ದುಡ್ಡು ಕೊಟ್ಟರು, ಕ್ಷಮೆಯನ್ನು ಕೊಂಡುಕೊಂಡರು ಎಂದೇ ನನಗೆ ತೋರುತ್ತದೆ. ದೃಷ್ಟಾಂತದ ಒಡೆಯನು ಮಾಡಿದ್ದು ಇದಲ್ಲ.

ಡಾಡನ ಸ್ವಂತ ಸಾಲಗಳಾದರೋ ಮೂರು ಪೌಂಡಿನವಲ್ಲ. 1777ರ ಫೆಬ್ರವರಿಯಲ್ಲಿ ಅವನು ತನ್ನ ಹಿಂದಿನ ಶಿಷ್ಯನಾದ ಚೆಸ್ಟರ್‌ಫೀಲ್ಡ್ ಪ್ರಭುವಿನ ಖೋಟಾ ರುಜು ಹಾಕಿ 4,200 ಪೌಂಡಿನ ಸಾಲಪತ್ರವನ್ನು ಸೃಷ್ಟಿಸಿದನು. ಸಿಕ್ಕಿಬಿದ್ದೊಡನೆಯೇ ಹಣದ ಬಹುಭಾಗವನ್ನು ಹಿಂದಿರುಗಿಸಿದನು. ಆದರೆ ಖೋಟಾ ಪತ್ರಕ್ಕೆ ಅಂದಿನ ಶಿಕ್ಷೆ ಮರಣ. ಪಂಚರು ದಯೆಗೆ ಶಿಫಾರಸು ಮಾಡಿದರು. ಸಾಹಿತಿ ಸ್ಯಾಮ್ಯುಯಲ್ ಜಾನ್ಸನನು ಡಾಡನ ಪರವಾಗಿ ಬಿನ್ನಹಗಳನ್ನೂ, ಸಹಬಂದಿಗಳೆದುರಿಗೆ ಓದಲು ಒಂದು ಪ್ರಸಂಗವನ್ನೂ ಬರೆದುಕೊಟ್ಟನು. ಸುಮಾರು ಇಪ್ಪತ್ತಮೂರು ಸಾವಿರ ಜನ ರುಜು ಮಾಡಿದ ಅರ್ಜಿಯೊಂದು ಅರಸನಿಗೆ ಹೋಯಿತು. ಮೂರನೆಯ ಜಾರ್ಜನು ಒಪ್ಪಲಿಲ್ಲ. ಜೂನ್ 27ರಂದು ಟೈಬರ್ನಿನಲ್ಲಿ ಡಾಡನನ್ನು ಗಲ್ಲಿಗೇರಿಸಿದರು. ಕಾಗದದ ಮೇಲಿನ ರುಜುವನ್ನು ನಂಬಿಯೇ ವ್ಯಾಪಾರ ನಡೆಯುತ್ತಿದ್ದ ಆ ನಗರದಲ್ಲಿ, ಆ ನಂಬುಗೆಗೆ ಬಿದ್ದ ಪೆಟ್ಟು ಹಣದ ನಷ್ಟಕ್ಕಿಂತ ದೊಡ್ಡ ಪಾತಕವೆನಿಸಿತ್ತು.

ಸಂಘಕ್ಕೆ ಇದರಿಂದ ಧಕ್ಕೆಯಾಗಲಿಲ್ಲ. ನೀಲ್ಡನು ದಶಕಗಳ ಕಾಲ ಅದರ ಖಜಾಂಚಿಯಾಗಿ, ಸೆರೆಮನೆಯಿಂದ ಸೆರೆಮನೆಗೆ ಅಲೆದು, 1812ರಲ್ಲಿ ತನ್ನ ಸಮೀಕ್ಷೆಯನ್ನು ಪ್ರಕಟಿಸಿದನು. ಆದರೂ ಸಾಲಕ್ಕೆ ಸೆರೆ ನಿಲ್ಲಲಿಲ್ಲ: 1824ರಲ್ಲಿ ಬ್ರೆಡ್ಡಿನ ಅಂಗಡಿಯವನೊಬ್ಬನ ನಲವತ್ತು ಪೌಂಡಿಗಾಗಿ ಚಾರ್ಲ್ಸ್ ಡಿಕನ್ಸನ ತಂದೆ ಮಾರ್ಷಲ್ಸೀ ಸೆರೆಗೆ ಹೋದದ್ದು ಸುಪ್ರಸಿದ್ಧ. ಸಾಮಾನ್ಯ ಸಾಲಕ್ಕೆ ಸೆರೆಯೆಂಬ ಪದ್ಧತಿ ಬಹುಮಟ್ಟಿಗೆ ನಿಂತದ್ದು 1869ರ ಕಾಯಿದೆಯಿಂದ, ಅಂದರೆ ಡಾಡನು ಪ್ರಸಂಗ ಮಾಡಿ ತೊಂಬತ್ತೇಳು ವರ್ಷಗಳಾದ ಮೇಲೆ. ಅಷ್ಟರಲ್ಲಿ ನೀಲ್ಡನ ಮಗ ಜಾನ್ ಕ್ಯಾಮ್ಡನ್, ದೇಶದಲ್ಲೆಲ್ಲ ಹೆಸರಾದ ಕೃಪಣನು, 1852ರಲ್ಲಿ ತೀರಿಕೊಂಡು, ಸುಮಾರು ಐದು ಲಕ್ಷ ಪೌಂಡಿನ ಆಸ್ತಿಯ ಬಹುಪಾಲನ್ನು ವಿಕ್ಟೋರಿಯಾ ರಾಣಿಗೆ ಬರೆದಿಟ್ಟಿದ್ದನು.