ಪರದೆಯ ಅಂಚಿನಾಚೆಗೆ ಜಿಗಿದ ಆಟಗಳು

ತೊಂಬತ್ತರ ದಶಕದಲ್ಲಿ ಮೈಸೂರಿನ ಶಾಲೆಗಳ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದ ಮಕ್ಕಳಿಗೆ ಪಾಠ ಬೇಸಿಕ್ ಭಾಷೆಯದು, ಕಣ್ಣು ಮಾತ್ರ ‘ಡೇವ್’ ಮೇಲೆ. ಕೆಂಪು ಟೋಪಿಯ ಹುಡುಗ ಹರಳು ಹೆಕ್ಕುತ್ತ, ಬೆಂಕಿ ತಪ್ಪಿಸುತ್ತ ಟ್ರೋಫಿ ಹಿಡಿಯಬೇಕು. ಅದು ಕೈಗೆ ಬಂದ ಮೇಲಷ್ಟೇ ಬಾಗಿಲು ದಾಟಲು ಅಪ್ಪಣೆ. ಇಂಥ ಹತ್ತು ಹಂತಗಳು. ಮೇಷ್ಟ್ರ ಹೆಜ್ಜೆ ಸಪ್ಪಳ ಕೇಳುವಷ್ಟರಲ್ಲಿ ಎಷ್ಟು ದಾಟಿದರೆ ಅಷ್ಟು.

‘ಡೇಂಜರಸ್ ಡೇವ್’ ಅನ್ನು ಜಾನ್ ರೊಮೆರೊ 1988ರಲ್ಲಿ ಆಪಲ್ 2 ಯಂತ್ರಕ್ಕೆ ಬರೆದದ್ದು. ಪಿ.ಸಿ.ಗಳ ಡಾಸ್‌ಗೆ ಬಂದದ್ದು 1990ರಲ್ಲಿ. ಅದೇ ಮಕ್ಕಳು ಸಂಜೆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ಮಾರಿಯೊ 1985ರದು. ವಿಚಿತ್ರವೆಂದರೆ, ಹಳೆಯದಾದ ಮಾರಿಯೊನ ಲೋಕ ನೀರಿನಂತೆ ಸರಿಯುತ್ತಿತ್ತು. ಹೊಸಬ ಡೇವ್ ಪರದೆಯ ಅಂಚಿಗೆ ಬಂದರೆ ಆಟ ಗಕ್ಕನೆ ನಿಂತು, ಚಿತ್ರ ಸರ್ರನೆ ಪಕ್ಕಕ್ಕೆ ಜರುಗಿ, ಮತ್ತೆ ಶುರುವಾಗುತ್ತಿತ್ತು. ಓಡಿ ಜಿಗಿಯುವ ಈ ಆಟಗಳ ಇಡೀ ಚರಿತ್ರೆ ಅಡಗಿರುವುದು ಆ ಗಕ್ಕನೆಯಲ್ಲೇ.

ಜಿಗಿತದ ಆಟಗಳಿಗೆ ದಾರಿ ಹಾಕಿದ್ದು 1981ರ ‘ಡಾಂಕಿ ಕಾಂಗ್’. ಶಿಗೆರು ಮಿಯಾಮೊಟೊ ರೂಪಿಸಿದ ಆ ಆಟದಲ್ಲಿ ಒಂದು ಹಂತವೆಂದರೆ ಒಂದೇ ಪರದೆ, ಓಟವೆಲ್ಲ ಅದರೊಳಗೇ. ಮರುವರ್ಷ ಡೇವಿಡ್ ಕ್ರೇನ್ ‘ಪಿಟ್‌ಫಾಲ್’ನಲ್ಲಿ 255 ಪರದೆಗಳ ಕಾಡನ್ನು ಬರೀ 4 ಕಿಲೋಬೈಟಿನೊಳಗೆ ತುರುಕಿದರು. ಪ್ರತಿ ಪರದೆಯನ್ನೂ ಉಳಿಸಿಡದೆ, ಆಡುವಾಗಲೇ ಒಂದು ಸೂತ್ರದಿಂದ ಹುಟ್ಟಿಸುವ ಚಮತ್ಕಾರ ಅದು. ಆದರೂ ಕಾಡು ಪುಟ ಮಗುಚಿದಂತೆ ಬದಲಾಗುತ್ತಿತ್ತೇ ಹೊರತು ಸರಿಯುತ್ತಿರಲಿಲ್ಲ.

‘ಸೂಪರ್ ಮಾರಿಯೊ ಬ್ರದರ್ಸ್’ ಹೊತ್ತಿಗೆ ಲೆಕ್ಕ ಬದಲಾಯಿತು. ನಿಂಟೆಂಡೊ ಕಂಪನಿಯ ಯಂತ್ರದಲ್ಲಿ ಚಿತ್ರವನ್ನು ಸರಿಸುವ ಕೆಲಸವನ್ನು ಹಾರ್ಡ್‌ವೇರೇ ಮಾಡುತ್ತಿತ್ತು. 40 ಕಿಲೋಬೈಟಿನಲ್ಲಿ 32 ಹಂತಗಳು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಮೊದಲ ಹಂತದ ಮೊದಲ ಕೆಲವು ಹೆಜ್ಜೆಗಳನ್ನು ಯಾರೇ ಗಮನಿಸಲಿ, ಅಲ್ಲೊಬ್ಬ ಒಳ್ಳೆಯ ಮೇಷ್ಟ್ರು ಕಾಣುತ್ತಾನೆ. ಪ್ರಶ್ನೆಚಿಹ್ನೆಯ ಡಬ್ಬಿಗೆ ತಲೆ ಕುಟ್ಟಿದರೆ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೆಳಗೆ ಬಿದ್ದು, ಕೊಳವೆಗೆ ಬಡಿದು ಆಟಗಾರನತ್ತಲೇ ವಾಪಸು ಬರುತ್ತದೆ. ಶತ್ರುವೆಂದು ಹೆದರಿ ಹಾರಿದರೂ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅಣಬೆಯ ಮೇಲೇ ಬೀಳುವ ಸಂಭವವೇ ಹೆಚ್ಚು. ಬಿದ್ದರೆ ಮಾರಿಯೊ ದೊಡ್ಡವನಾಗುತ್ತಾನೆ. ಒಂದಕ್ಷರದ ಸೂಚನೆಯೂ ಇಲ್ಲದೆ ಪಾಠ ಮುಗಿಯಿತು.

ಪಿ.ಸಿ.ಗೆ ಹೀಗೆ ನೀರಿನಂತೆ ಚಿತ್ರ ಸರಿಸುವ ಭಾಗ್ಯವಿರಲಿಲ್ಲ. ಲ್ಯಾಬಿನ ಇನ್ನೊಬ್ಬ ನಾಯಕ, ಜೋರ್ಡನ್ ಮೆಕ್ನರ್‌ನ ‘ಪ್ರಿನ್ಸ್ ಆಫ್ ಪರ್ಷಿಯಾ’ (1989), ಒಂದೊಂದೇ ಪರದೆಯಾಗಿ ತೆರೆದುಕೊಳ್ಳುವ ಸೆರೆಮನೆ. ಗಡುವು 60 ನಿಮಿಷ. ಸರಿಯುವ ಹಿನ್ನೆಲೆ ಇಲ್ಲದಿದ್ದರೇನು, ರಾಜಕುಮಾರನ ಮೈಯಲ್ಲಿ ಜೀವವಿತ್ತು: ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವೀಡಿಯೊ ತೆಗೆದು ಅದರ ಮೇಲೆ ಚಿತ್ರ ಬಿಡಿಸಿದ್ದರು. ಅಂಚು ಹಿಡಿದು ನೇತಾಡುವ ಆ ಭಂಗಿಯ ಮುಂದೆ ಮಾರಿಯೊನ ಜಿಗಿತ ಗೊಂಬೆಯಾಟವೇ ಸರಿ.

ಕೊನೆಗೆ 1990ರ ಸೆಪ್ಟೆಂಬರಿನಲ್ಲಿ ರೊಮೆರೊನ ಸಹೋದ್ಯೋಗಿ ಜಾನ್ ಕಾರ್ಮ್ಯಾಕ್ ಪರದೆಯಲ್ಲಿ ಬದಲಾದ ತುಣುಕುಗಳನ್ನಷ್ಟೇ ಮತ್ತೆ ಬರೆಯುವ ಉಪಾಯ ಕಂಡುಕೊಂಡರು. ಮತ್ತೊಬ್ಬ ಸಹೋದ್ಯೋಗಿ ಟಾಮ್ ಹಾಲ್ ಜೊತೆ ಸೇರಿ ಒಂದೇ ರಾತ್ರಿಯಲ್ಲಿ ‘ಮಾರಿಯೊ 3’ರ ಮೊದಲ ಹಂತವನ್ನು ಪಿ.ಸಿ.ಯಲ್ಲಿ ನಕಲು ಮಾಡಿದರು. ಮಾರಿಯೊನ ಜಾಗದಲ್ಲಿ ಓಡುತ್ತಿದ್ದವನು ಡೇವ್! ಪಿ.ಸಿ.ಗೆ ಮಾರಿಯೊ ತರುವ ಪ್ರಸ್ತಾವವನ್ನು ನಿಂಟೆಂಡೊ ಒಪ್ಪಲಿಲ್ಲ, ಅದೇ ತಂತ್ರದಿಂದ ಡಿಸೆಂಬರಿನಲ್ಲಿ ‘ಕಮಾಂಡರ್ ಕೀನ್’ ಬಂತು. 1993ರಲ್ಲಿ ‘ಡೂಮ್’ ತಂದವರೂ ಇದೇ ರೊಮೆರೊ, ಕಾರ್ಮ್ಯಾಕ್.

ಭಾರತದಲ್ಲಿ ನಿಂಟೆಂಡೊ ಯಂತ್ರ ‘ಸಮುರಾಯ್’ ಹೆಸರಿನಲ್ಲಿ ಮಾರಾಟಕ್ಕಿತ್ತು. ಮಧ್ಯಮ ವರ್ಗದ ಮನೆಗಳಿಗೆ ಹೊಕ್ಕದ್ದು ಹೆಚ್ಚಾಗಿ ಅದರ ಅಗ್ಗದ ನಕಲುಗಳು, ಜೊತೆಗೆ ‘99999 ಇನ್ 1’ ಎಂದು ಬಡಾಯಿ ಕೊಚ್ಚುವ ಕ್ಯಾಸೆಟ್‌ಗಳು. ಎಣಿಸಿದರೆ ಅದೇ ನಾಲ್ಕಾರು ಆಟಗಳ ಪುನರಾವರ್ತನೆ. ಅದರಲ್ಲಿ ‘ಕಾಂಟ್ರಾ’ ಇದ್ದರೆ ಪುಣ್ಯ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಎಂಬ 30 ಜೀವಗಳ ಮಂತ್ರ ಮಗ್ಗಿಗಿಂತ ಬೇಗ ಬಾಯಿಪಾಠವಾಗುತ್ತಿತ್ತು.

ಆಟಗಳನ್ನು ಜೋಪಾನ ಮಾಡುವ ವಿದ್ಯೆ ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಮಣೆಯಾಟಗಳನ್ನು ರಚಿಸಿದವರು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವು ಇಂದಿಗೂ ಕಾಣುತ್ತವೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಪಗಡೆ, ಚೌಕಾಬಾರಗಳನ್ನು ಮತ್ತೆ ಜನರ ಮುಂದಿಟ್ಟಿದೆ. ಫ್ಲಾಪಿ, ಕ್ಯಾಸೆಟ್‌ಗಳಿಗೆ ಮಾತ್ರ ಗುಜರಿಯೇ ಗತಿಯಾಯಿತು.

1996ರ ‘ಮಾರಿಯೊ 64’ ಮೂರು ಆಯಾಮ ತಂದ ಮೇಲೆ ಪಕ್ಕಕ್ಕೆ ಸರಿಯುವ ಆಟ ಮೂಲೆಗೆ ಬಿತ್ತು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಆಟ ತಯಾರಿಸುವ ಕಂಪನಿ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದೂ ಈ ಮೂರು ಆಯಾಮದ ಕಾಲಕ್ಕೇ. ಆದರೆ ‘ಕಪ್‌ಹೆಡ್’ (2017), ‘ಸೆಲೆಸ್ಟ್’ (2018) ಮುಂತಾದವು ಹಳೆಯ ಓಟಕ್ಕೆ ಹೊಸ ಗಿರಾಕಿಗಳನ್ನು ತಂದವು. ಅಗ್ಗದ ‘400 ಇನ್ 1’ ಕೈಯಾಟಿಕೆಗಳು ಈಗಲೂ ಮಾರಾಟಕ್ಕಿವೆ. ಅವುಗಳ ಪಟ್ಟಿಯ ಮೊದಲ ಸಾಲುಗಳಲ್ಲೇ 1985ರ ಮಾರಿಯೊ ಸಿಗುತ್ತಾನೆ, ಡೇವ್ ಸಿಗುವುದಿಲ್ಲ.