ಪ್ರಾಚೀನ ವಿದ್ಯಾಸ್ಥಾನಗಳಲ್ಲಿ ಪಾಠಕಾಲದ ವಿಭಾಗ

ಪ್ರಾಚೀನ ಭಾರತದ ವಿದ್ಯಾಸ್ಥಾನಗಳಲ್ಲಿ ಏನನ್ನು ಕಲಿಸುತ್ತಿದ್ದರೆಂಬ ವಿಷಯವು ವಿದ್ವಾಂಸರಿಂದ ಬಹಳವಾಗಿ ಚರ್ಚಿಸಲ್ಪಟ್ಟಿದೆ. ಆದರೆ ಎಷ್ಟು ಹೊತ್ತು, ಯಾವ ಕ್ರಮದಲ್ಲಿ, ಒಬ್ಬ ಉಪಾಧ್ಯಾಯನು ಎಷ್ಟು ಮಂದಿಗೆ ಪಾಠ ಹೇಳುತ್ತಿದ್ದನೆಂಬುದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ವೇಳಾಪಟ್ಟಿಯೆಂಬುದು ಇಂಗ್ಲಿಷ್ ಶಾಲೆಗಳೊಡನೆ ಬಂದ ವಸ್ತುವೆಂದೂ, ಅದಕ್ಕೆ ಮುಂಚೆ ಗುರುವಿನ ಇಚ್ಛೆಯೇ ಕಾಲನಿಯಮವಾಗಿದ್ದಿತೆಂದೂ, ಅನಧ್ಯಾಯಗಳ ಬಾಹುಳ್ಯದಿಂದ ಬಹು ಕಾಲವು ವ್ಯರ್ಥವಾಗುತ್ತಿದ್ದಿತೆಂದೂ ಹೇಳುವವರುಂಟು. ಗ್ರಂಥಗಳನ್ನೂ ಶಾಸನಗಳನ್ನೂ ಯಾತ್ರಿಕರ ಬರವಣಿಗೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಅಭಿಪ್ರಾಯವು ನಿಲ್ಲುವುದಿಲ್ಲ. ಗುರುವಿನ ಸನ್ನಿಧಿಯಲ್ಲಿಯೇ ಆಗಬೇಕಾದ ಕೆಲಸವಾವುದು, ಆತನಿಲ್ಲದೆಯೂ ಆಗಬಹುದಾದ ಕೆಲಸವಾವುದು ಎಂಬ ವಿವೇಚನೆಯೇ ಹಿಂದಿನವರ ಕಾಲವಿಭಾಗಕ್ಕೆ ಮೂಲವಾಗಿದ್ದಂತೆ ಕಾಣುತ್ತದೆ.

ಈ ವಿವೇಚನೆಯು ಸ್ಪಷ್ಟವಾದ ಮಾತಿನಲ್ಲಿ ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಈ ಗ್ರಂಥದ ವೃದ್ಧಸಂಯೋಗ ಪ್ರಕರಣದಲ್ಲಿ ರಾಜಕುಮಾರನ ಶಿಕ್ಷಣದ ದಿನಚರ್ಯೆಯು ಹೇಳಲ್ಪಟ್ಟಿದೆ. ಹಗಲಿನ ಪೂರ್ವಭಾಗವು ಆನೆ, ಕುದುರೆ, ರಥ, ಆಯುಧಗಳ ವಿದ್ಯೆಗೆ, ಉತ್ತರಭಾಗವು ಇತಿಹಾಸಶ್ರವಣಕ್ಕೆ. ಉಳಿದ ಹಗಲಿರುಳುಗಳನ್ನು ಹೊಸದನ್ನು ಗ್ರಹಿಸುವುದಕ್ಕೂ, ಗ್ರಹಿಸಿದುದನ್ನು ಪರಿಚಯ ಮಾಡಿಕೊಳ್ಳುವುದಕ್ಕೂ, ಗ್ರಹಿಸಲಾರದುದನ್ನು ಮತ್ತೆ ಮತ್ತೆ ಕೇಳುವುದಕ್ಕೂ ವಿನಿಯೋಗಿಸಬೇಕೆಂದು ಅಲ್ಲಿ ವಿಧಿಯಿದೆ. ಹೊಸ ಪಾಠಕ್ಕೂ ಮರುಶ್ರವಣಕ್ಕೂ ಗುರುವು ಬೇಕು. ಪರಿಚಯಕ್ಕೆ ಶಿಷ್ಯನ ಶ್ರಮವೇ ಸಾಕು. ಶರೀರಶ್ರಮದ ವಿದ್ಯೆಯನ್ನು ಬೆಳಗಿನ ಹೊತ್ತಿಗೂ ಕುಳಿತು ಕೇಳುವ ವಿದ್ಯೆಯನ್ನು ಅಪರಾಹ್ಣಕ್ಕೂ ಇಟ್ಟಿರುವುದನ್ನು ಸಹ ಗಮನಿಸಬೇಕು.

ದಿನಕ್ಕೆ ಹೇಗೋ ಹಾಗೆಯೇ ವರ್ಷಕ್ಕೂ ವಿಭಾಗವಿದ್ದಿತು. ಮನುವಿನ ಮತದಲ್ಲಿ ಶ್ರಾವಣ ಅಥವಾ ಭಾದ್ರಪದ ಪೌರ್ಣಮಿಯಲ್ಲಿ ಉಪಾಕರ್ಮ; ಅಲ್ಲಿಂದ ನಾಲ್ಕೂವರೆ ತಿಂಗಳು ವೇದಾಧ್ಯಯನ; ಆಮೇಲೆ ಉತ್ಸರ್ಜನ. ಅನಂತರ ಶುಕ್ಲಪಕ್ಷಗಳಲ್ಲಿ ವೇದವನ್ನೂ ಕೃಷ್ಣಪಕ್ಷಗಳಲ್ಲಿ ವೇದಾಂಗಗಳನ್ನೂ ಓದತಕ್ಕದ್ದು. ಅಷ್ಟಮೀ, ಚತುರ್ದಶೀ, ಪರ್ವದಿನಗಳು ಅನಧ್ಯಾಯಗಳು. ಪ್ರತಿಪತ್ತಿನಲ್ಲಿ ಓದಿದವನ ವಿದ್ಯೆಯು ಕ್ಷೀಣಿಸುವುದೆಂಬ ಭಾವನೆಯು ಹಳೆಯದೆಂಬುದಕ್ಕೆ ವಾಲ್ಮೀಕಿ ರಾಮಾಯಣದ ಸುಂದರಕಾಂಡದ ಉಪಮಾನವೊಂದು ಸಾಕ್ಷಿಯಾಗಿದೆ. ಈ ತಿಥಿಗಳನ್ನು ಎಣಿಸಿದರೆ ಪಕ್ಷವೊಂದರಲ್ಲಿ ಬಿದಿಗೆಯಿಂದ ಸಪ್ತಮಿಯವರೆಗೆ 6 ದಿನ ಪಾಠ, ಅಷ್ಟಮಿ ಬಿಡುವು. ನವಮಿಯಿಂದ ತ್ರಯೋದಶಿಯವರೆಗೆ 5 ದಿನ ಪಾಠ, ಆಮೇಲೆ 3 ದಿನ ಬಿಡುವು. ಹೀಗೆ 15 ತಿಥಿಗಳಲ್ಲಿ 11 ಪಾಠಕ್ಕೆ ಸಲ್ಲುತ್ತವೆ. ಈ ಬಿಡುವು ಸಹ ಶೂನ್ಯವಾಗಿರಬೇಕಾಗಿರಲಿಲ್ಲ. ವೇದಾಂಗಗಳಿಗೂ ನಿತ್ಯಸ್ವಾಧ್ಯಾಯಕ್ಕೂ ಅನಧ್ಯಾಯದ ನಿರ್ಬಂಧವಿಲ್ಲವೆಂದು ಮನುವೇ ಹೇಳಿರುತ್ತಾನೆ. ಗುಡುಗು, ಧೂಳುಗಾಳಿ ಮೊದಲಾದ ನಿಮಿತ್ತಗಳಿಂದ ಬರುವ ಅನಧ್ಯಾಯಗಳು ಬೇರೆ. ಅವುಗಳಿಗೆ ಕಾರಣವು ಆಚಾರವಿಚಾರಗಳಲ್ಲಿದೆ. ಆದರೆ ತಿಥಿನಿಯತವಾದ ಬಿಡುವು ಗುರುಶಿಷ್ಯರಿಬ್ಬರಿಗೂ ಮೊದಲೇ ತಿಳಿದಿರುವುದರಿಂದ ಅದು ಕ್ರಮದ ಭಂಗವಲ್ಲ, ಕ್ರಮದ ಅಂಗವೇ.

ಪಾಠದ ಅಳತೆಯು ಶೌನಕನ ಋಕ್ಪ್ರಾತಿಶಾಖ್ಯದ ಹದಿನೈದನೆಯ ಪಟಲದಲ್ಲಿ ದೊರೆಯುತ್ತದೆ. ಗುರುವು ಪೂರ್ವ, ಉತ್ತರ ಅಥವಾ ಈಶಾನ್ಯಕ್ಕೆ ಮುಖಮಾಡಿ ಕುಳಿತುಕೊಳ್ಳುವನು. ಶಿಷ್ಯರು ಒಬ್ಬಿಬ್ಬರಾದರೆ ಬಲಗಡೆಯಲ್ಲಿಯೂ ಹೆಚ್ಚಾದರೆ ಸ್ಥಳವಿದ್ದಂತೆಯೂ ಕುಳಿತು, ಪಾದಗಳನ್ನು ಹಿಡಿದು ಪಾಠವನ್ನು ಬೇಡುವರು. ಸಾಮಾನ್ಯವಾಗಿ ಮೂರು ಋಕ್ಕುಗಳಿಗೆ ಒಂದು ಪ್ರಶ್ನ. ದೀರ್ಘವಾದ ಛಂದಸ್ಸುಗಳಲ್ಲಿ ಎರಡಕ್ಕೆ ಒಂದು. ಇಂತಹ ಸುಮಾರು 60 ಪ್ರಶ್ನಗಳಿಗೆ ಒಂದು ಅಧ್ಯಾಯ. ಋಕ್ಕಿನ ಉದ್ದಕ್ಕೆ ತಕ್ಕಂತೆ ಸಂಖ್ಯೆಯನ್ನು ಕಡಿಮೆ ಮಾಡಿರುವುದರಿಂದ, ಪಾಠವನ್ನು ಅಳೆದುದು ಪುಟದಿಂದಲ್ಲ, ಶಿಷ್ಯನ ಧಾರಣಶಕ್ತಿಯಿಂದ ಎಂಬುದು ವ್ಯಕ್ತವಾಗುತ್ತದೆ.

ಗುರುಗೃಹದ ಈ ಕ್ರಮವು ಸಾವಿರಾರು ಮಂದಿಯಿರುವ ಸ್ಥಳದಲ್ಲಿ ನಡೆಯುವುದು ಹೇಗೆ? ಏಳನೆಯ ಶತಮಾನದ ಕೊನೆಯಲ್ಲಿ ನಾಲಂದದಲ್ಲಿ ವ್ಯಾಸಂಗ ಮಾಡಿದ ಚೀನಾದೇಶದ ಭಿಕ್ಷು ಇತ್ಸಿಂಗನು ಅಲ್ಲಿ 3000ಕ್ಕೂ ಮಿಕ್ಕ ಭಿಕ್ಷುಗಳೂ 8 ಶಾಲೆಗಳೂ 300 ಕೋಣೆಗಳೂ ಇದ್ದುವೆಂದು ಬರೆದಿರುತ್ತಾನೆ. ಅಲ್ಲಿ ಕಾಲವನ್ನು ಅಳೆಯುತ್ತಿದ್ದುದು ಘಟಿಕಾಯಂತ್ರ. ನೀರು ತುಂಬಿದ ತಾಮ್ರದ ಪಾತ್ರೆಯಲ್ಲಿ ತಳದಲ್ಲಿ ಸಣ್ಣ ರಂಧ್ರವಿರುವ ಬಟ್ಟಲನ್ನು ತೇಲಿಬಿಡುವರು. ಅದು ತುಂಬಿ ಮುಳುಗಿದಾಗಲೆಲ್ಲ ಭೇರಿಯನ್ನು ಬಾರಿಸುವರು. ನಾಲ್ಕು ಬಾರಿ ಮುಳುಗಿದ ಮೇಲೆ ಶಂಖವನ್ನೂ ಊದುವರು. ಈ ಯಂತ್ರಗಳೂ ಅವುಗಳನ್ನು ಕಾಯುವ ಹುಡುಗರೂ ರಾಜರ ದಾನವಾಗಿದ್ದುವು. ಅಷ್ಟು ಮಂದಿಯನ್ನು ಒಂದೆಡೆ ಸೇರಿಸುವುದು ಕಷ್ಟವಾದುದರಿಂದ ಸಾಯಂಕಾಲದ ಸ್ತೋತ್ರಪಾಠಕ್ಕೆ ಒಬ್ಬ ಪಾಠಕನೇ ಶಾಲೆಯಿಂದ ಶಾಲೆಗೆ ಹೋಗಿ ಕೆಲವೇ ಶ್ಲೋಕಗಳನ್ನು ಹೇಳಿ ಮುಂದೆ ಸಾಗುತ್ತಿದ್ದನು. ಸಮೂಹವು ಚಲಿಸುವುದಕ್ಕಿಂತ ಒಬ್ಬನು ಚಲಿಸುವುದು ಸುಲಭವೆಂಬ ಈ ಉಪಾಯವು ಸಣ್ಣದಾದರೂ ಅರ್ಥವತ್ತಾದುದು. ಹ್ಯೂಯೆನ್ ತ್ಸಾಂಗನ ಚರಿತ್ರೆಯಲ್ಲಿ ನಾಲಂದದಲ್ಲಿ ಪ್ರತಿದಿನವೂ ಸುಮಾರು 100 ಪೀಠಗಳಿಂದ ಪ್ರವಚನವಾಗುತ್ತಿದ್ದಿತೆಂದಿದೆ. ಅನೇಕ ಪೀಠಗಳು ಒಂದೇ ದಿನ ನಡೆಯಬೇಕಾದರೆ ಎಲ್ಲರಿಗೂ ಕೇಳಿಸುವ ಭೇರೀಶಂಖಗಳ ಉಪಯೋಗವೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕನ್ನಡನಾಡಿನ ಶಾಸನಗಳು ಇದೇ ವಿವೇಕವನ್ನು ಅಂಕಿಗಳಲ್ಲಿ ತೋರಿಸುತ್ತವೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ 1058ನೆಯ ಇಸವಿಯ ಶಾಸನವು ಚಾಳುಕ್ಯ ತ್ರೈಲೋಕ್ಯಮಲ್ಲನ ಕಾಲದ್ದು. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಾಯಿಗಳು 200 ಮಂದಿ, ಶಾಸ್ತ್ರಾಧ್ಯಾಯಿಗಳು 52 ಮಂದಿ. ವೇದಕ್ಕೆ 3 ಮಂದಿಯೂ ಶಾಸ್ತ್ರಗಳಿಗೆ 3 ಮಂದಿಯೂ ಉಪಾಧ್ಯಾಯರು. ಸರಸ್ವತೀಭಂಡಾರಿಗರು 6 ಮಂದಿ. ಎಂದರೆ ವೇದದಲ್ಲಿ ಒಬ್ಬ ಗುರುವಿಗೆ 66ಕ್ಕೂ ಹೆಚ್ಚು ಶಿಷ್ಯರು. ಶಾಸ್ತ್ರದಲ್ಲಿ 17, 18 ಮಾತ್ರ. ಒಕ್ಕೊರಲಿನಿಂದ ಸಂತೆ ಹೇಳಿಸುವ ವೇದಪಾಠಕ್ಕೆ ದೊಡ್ಡ ಗುಂಪು ಬಾಧಕವಲ್ಲ. ಪ್ರತಿಯೊಬ್ಬನ ಸಂದೇಹವನ್ನೂ ಪರಿಹರಿಸಬೇಕಾದ ಶಾಸ್ತ್ರಪಾಠಕ್ಕೆ ಅದು ಬಾಧಕ. ಭಂಡಾರಿಗರ ಸಂಖ್ಯೆಯು ಉಪಾಧ್ಯಾಯರ ಸಂಖ್ಯೆಗೆ ಸಮನಾಗಿರುವುದು, ಗುರುವಿಲ್ಲದ ವೇಳೆಯಲ್ಲಿ ಗ್ರಂಥಾವಲೋಕನವು ಎಷ್ಟು ನಡೆಯುತ್ತಿದ್ದಿತೆಂಬುದನ್ನು ಊಹಿಸುವಂತೆ ಮಾಡುತ್ತದೆ. ತಮಿಳುನಾಡಿನ ಎಣ್ಣಾಯಿರದಲ್ಲಿ ರಾಜೇಂದ್ರಚೋಳನ ಕಾಲದಲ್ಲಿ 340 ಮಂದಿ ಶಿಷ್ಯರಿಗೆ 14 ಮಂದಿ ಉಪಾಧ್ಯಾಯರಿದ್ದರು. ಅವರಲ್ಲಿ ಋಗ್ವೇದಕ್ಕೂ ಯಜುರ್ವೇದಕ್ಕೂ ತಲಾ 75 ಮಂದಿಯಿದ್ದರೆ ವೇದಾಂತಕ್ಕೆ 10 ಮಂದಿ ಮಾತ್ರ.

ಇಂತಹ ವಿದ್ಯಾಸ್ಥಾನಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದು ನಿಜ. ಆದರೆ ಪರಿಚಯಕ್ಕೆ ಗುರುವು ಬೇಡವೆಂಬ ತತ್ತ್ವವು ಘಟಿಕಾಸ್ಥಾನಗಳಲ್ಲಿಯೇ ಉಳಿಯಲಿಲ್ಲ. 1623ರಲ್ಲಿ ಗೇರುಸೊಪ್ಪೆಯಿಂದ ಘಟ್ಟವನ್ನು ಹತ್ತಿ ಇಕ್ಕೇರಿಗೆ ಬರುತ್ತಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆಯು ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರನ್ನು ಕಂಡನು. ಅವರು ನೆಲಕ್ಕೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಮೊದಲೇ ಗುರುವಿನಿಂದ ಪಡೆದ ಗಣಿತದ ಪಾಠವನ್ನು ಒಟ್ಟಿಗೆ ರಾಗವಾಗಿ ಹೇಳುತ್ತಿದ್ದರು. ಗುರುವು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರಾರೆಂದು ಆತನು ಕೇಳಲು, ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪುವುದು ಸಾಧ್ಯವಿಲ್ಲವೆಂದೂ, ಒಬ್ಬನು ತಪ್ಪಿದರೆ ಮತ್ತೊಬ್ಬನು ತಿದ್ದುವನೆಂದೂ ಹುಡುಗರು ಉತ್ತರ ಕೊಟ್ಟರು.

ಅರ್ಥಶಾಸ್ತ್ರಕಾರನು ಸೂತ್ರರೂಪವಾಗಿ ಹೇಳಿದುದನ್ನು ಈ ಹುಡುಗರು ತಮಗೆ ತಿಳಿಯದೆಯೇ ಆಚರಿಸುತ್ತಿದ್ದರು. ಗುರುವಿನ ವೇಳೆಯು ಸ್ವಲ್ಪ. ಶಿಷ್ಯನ ವೇಳೆಯು ಬಹಳ. ಸ್ವಲ್ಪವಾದುದನ್ನು ಹೊಸ ಪಾಠಕ್ಕೂ ಸಂದೇಹನಿವೃತ್ತಿಗೂ ಮೀಸಲಿಟ್ಟು, ಬಹಳವಾದುದನ್ನು ಪರಿಚಯಕ್ಕೆ ಬಿಟ್ಟುದೇ ಹಿಂದಿನವರ ಕ್ರಮದ ಸಾರವು. ಗಂಟೆಗಳನ್ನು ಸಮನಾಗಿ ಹಂಚಿದ ಮಾತ್ರಕ್ಕೆ ಈ ಸಾರವು ಕೈಗೂಡದು. ಗುರುವಿನ ಹೊತ್ತು ಯಾವುದಕ್ಕೆ ಸಲ್ಲಬೇಕೆಂಬುದನ್ನು ಮೊದಲು ನಿರ್ಣಯಿಸಿದಲ್ಲಿ ಮಾತ್ರ ವೇಳಾಪಟ್ಟಿಯು ವಿದ್ಯೆಗೆ ಸಾಧನವಾಗುವುದು.